ರೌಂಡರ್ ರೆಕಾರ್ಡ್ಸ್: ಒಂದು ಧ್ವನಿಮುದ್ರಣ ಸಂಸ್ಥೆಯ ಪರಂಪರೆ ಎಲ್ಲಿದೆ?

ಪ್ರಶ್ನೆ: ಕೆಲವು ವರ್ಷಗಳಿಂದ ನಾನು ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿದ್ದೇನೆ. ರಾಲಿ ನಗರದ ಬ್ಲೂಗ್ರಾಸ್ ಉತ್ಸವದಲ್ಲಿ ಕೇಳಿದ ಬ್ಯಾಂಜೊ, ಪಿಟೀಲುಗಳ ಸಂಗೀತ ಮನಸ್ಸಿಗೆ ಹತ್ತಿ, ಈಗ ಹಳೆಯ ಎಲ್‌ಪಿ ತಟ್ಟೆಗಳನ್ನು ಹುಡುಕಿ ಕೊಳ್ಳುವ ಅಭ್ಯಾಸವಾಗಿದೆ. ಅವುಗಳ ಮೇಲೆ ‘ರೌಂಡರ್ ರೆಕಾರ್ಡ್ಸ್’ ಎಂಬ ಹೆಸರು ಪದೇ ಪದೇ ಕಾಣುತ್ತದೆ. ಈ ಸಂಸ್ಥೆ 2010ರಲ್ಲಿ ಬೇರೆ ಕಂಪನಿಗೆ ಮಾರಾಟವಾಯಿತೆಂದೂ, ಆದರೂ ಅದರ ಪರಂಪರೆ ದೊಡ್ಡದೆಂದೂ ಓದಿದೆ. ಪರಂಪರೆ ಎನ್ನುವುದು ಹಾಡಿದವರಿಗೂ ನುಡಿಸಿದವರಿಗೂ ಸೇರಬೇಕಾದದ್ದಲ್ಲವೇ? ತಟ್ಟೆ ಮಾಡಿ ಮಾರಿದ ವ್ಯಾಪಾರಿ ಸಂಸ್ಥೆಗೆ ಅದು ಹೇಗೆ ಸಲ್ಲುತ್ತದೆ? ಮಾರಾಟದ ನಂತರ ಉಳಿದಿರುವುದೇನು? ಎಲ್ಲಿಂದ ಕೇಳಲು ತೊಡಗಬೇಕು?

ಉತ್ತರ: ಸಂಗೀತದ ಪರಂಪರೆ ಹಾಡಿದವರದು, ನುಡಿಸಿದವರದು ಎಂಬ ನಿಮ್ಮ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಧ್ವನಿಮುದ್ರಣ ಬಂದ ಮೇಲೆ ಯಾವ ಹಾಡು ಮುಂದಿನ ತಲೆಮಾರಿನ ಕಿವಿಗೆ ತಲುಪುತ್ತದೆ, ಯಾವುದು ಹಾಡಿದವರೊಂದಿಗೇ ಮಣ್ಣಾಗುತ್ತದೆ ಎಂಬುದು ಬಹುಮಟ್ಟಿಗೆ ಇನ್ನೊಬ್ಬರ ಕೈಯಲ್ಲಿರುತ್ತದೆ. ಯಾರನ್ನು ಮುದ್ರಿಸಬೇಕೆಂದು ಆರಿಸುವವರು, ಹೆಚ್ಚು ಜನ ಕೊಳ್ಳದ ತಟ್ಟೆಯನ್ನೂ ವರ್ಷಗಟ್ಟಲೆ ಮಾರಾಟದಲ್ಲಿ ಇರಿಸುವವರು, ನುಡಿಸಿದವರ ಹೆಸರು, ಊರು, ಕಲಿತ ಬಗೆ ಇವನ್ನೆಲ್ಲ ತಟ್ಟೆಯ ಜೊತೆಗೆ ಬರೆದಿಡುವವರು ಇಲ್ಲದಿದ್ದರೆ ಎಷ್ಟು ದೊಡ್ಡ ವಾದಕನಾದರೂ ಅವನ ಊರಿನ ನೆನಪಿನಲ್ಲಿ ಒಂದೆರಡು ತಲೆಮಾರು ಉಳಿದು ಮರೆಯಾಗುತ್ತಾನೆ. ರೌಂಡರ್ ಸಂಸ್ಥೆ ಈ ಕೆಲಸವನ್ನು ಮೊದಲ ಮಾಲೀಕರ ಕೈಯಲ್ಲಿದ್ದ ನಲವತ್ತು ವರ್ಷಗಳಲ್ಲಿ, ಮೂರು ಸಾವಿರದಷ್ಟು ಆಲ್ಬಮ್‌ಗಳ ಮೂಲಕ ಮಾಡಿತು. ಆ ಅರ್ಥದಲ್ಲಿ ಪರಂಪರೆ ಎಂಬ ಮಾತು ಅದಕ್ಕೆ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಪ್ರಶಸ್ತಿಗಳ ಪಟ್ಟಿಯನ್ನು ನೋಡಿ ನಾನು ಈ ಮಾತು ಹೇಳುತ್ತಿಲ್ಲ. ಪ್ರಶಸ್ತಿಯ ಆಸೆಯೇ ಇಲ್ಲದೆ ಹೊರಟ ತಟ್ಟೆಗಳನ್ನು ನೋಡಿ ಹೇಳುತ್ತಿದ್ದೇನೆ.

ಸಂಸ್ಥೆ ಹುಟ್ಟಿದ ಸನ್ನಿವೇಶವನ್ನು ಮೊದಲು ಸ್ವಲ್ಪ ವಿವರಿಸುವುದು ಅಗತ್ಯ. ಬ್ಲೂಗ್ರಾಸ್ ಬಹಳ ಪುರಾತನವಾದ ಜಾನಪದ ಸಂಗೀತವೆಂದು ಹಲವರು ತಿಳಿದಿದ್ದಾರೆ. ಅದರ ಬೇರುಗಳು ಹಳೆಯವು ನಿಜ. ಆದರೆ ಇಂದು ನಾವು ಆ ಹೆಸರಿನಿಂದ ಕರೆಯುವ ಶೈಲಿ ರೂಪುಗೊಂಡದ್ದು 1940ರ ದಶಕದ ನಡುವೆ, ಕೆಂಟಕಿಯ ಬಿಲ್ ಮನ್ರೋ ಅವರ ವಾದ್ಯಮೇಳದಲ್ಲಿ. 1945ರ ಕೊನೆಗೆ ಆ ಮೇಳ ಸೇರಿದ ನಾರ್ತ್ ಕ್ಯಾರೊಲೈನಾದ ಅರ್ಲ್ ಸ್ಕ್ರಗ್ಸ್ ಮೂರು ಬೆರಳುಗಳಿಂದ ಬ್ಯಾಂಜೊ ನುಡಿಸುವ ಕ್ರಮಕ್ಕೆ ಹಿಂದೆ ಕೇಳದ ವೇಗವನ್ನೂ ಸ್ಪಷ್ಟತೆಯನ್ನೂ ತಂದರು. ಮ್ಯಾಂಡೊಲಿನ್, ಪಿಟೀಲು, ಬ್ಯಾಂಜೊ, ಗಿಟಾರ್, ಬಾಸ್ ಈ ಐದು ವಾದ್ಯಗಳು ಸರದಿಯ ಮೇಲೆ ಮುಂದೆ ಬಂದು ನುಡಿಯುವ, ಮೇಲಿನ ಸ್ಥಾಯಿಯಲ್ಲಿ ಎರಡು ಮೂರು ದನಿಗಳು ಒಟ್ಟಿಗೆ ಹಾಡುವ ಕ್ರಮ ಅಲ್ಲಿಂದ ನೆಲೆಗೊಂಡಿತು. 1950ರ ದಶಕದಲ್ಲಿ ರಾಕ್ ಅಂಡ್ ರೋಲ್ ಅಲೆ ಎದ್ದಾಗ ಈ ಸಂಗೀತದ ಮಾರುಕಟ್ಟೆ ಕುಗ್ಗಿತು. ಮುಂದೆ ನ್ಯಾಶ್‌ವಿಲ್‌ನ ದೊಡ್ಡ ಕಂಪನಿಗಳು ನಯಗೊಳಿಸಿದ ಕಂಟ್ರಿ ಸಂಗೀತದ ಕಡೆಗೆ ವಾಲಿದವು. ಬ್ಲೂಗ್ರಾಸ್ ಬದುಕಿಕೊಂಡದ್ದು ಕಾಲೇಜುಗಳಲ್ಲಿ ಎದ್ದ ಜಾನಪದ ಸಂಗೀತದ ಆಸಕ್ತಿಯಿಂದ, ಜೊತೆಗೆ 1965ರಲ್ಲಿ ವರ್ಜೀನಿಯಾದ ಫಿನ್‌ಕ್ಯಾಸಲ್‌ನಲ್ಲಿ ಕಾರ್ಲ್‌ಟನ್ ಹೇನಿ ಏರ್ಪಡಿಸಿದ ಉತ್ಸವದಿಂದ ಮೊದಲಾದ ಬಯಲು ಉತ್ಸವಗಳಿಂದ. ಅಲ್ಲಿ ಸೇರುವ ಶ್ರೋತೃಗಳಿಗೆ ತಟ್ಟೆ ಬೇಕಿತ್ತು, ದೊಡ್ಡ ಕಂಪನಿಗಳಿಗೆ ಅವರು ಲೆಕ್ಕಕ್ಕಿರಲಿಲ್ಲ. ಈ ಎಡೆಯಲ್ಲಿಯೇ ರೆಬೆಲ್, ಕೌಂಟಿ ಮುಂತಾದ ಸಣ್ಣ ಸಂಸ್ಥೆಗಳು ತಲೆಯೆತ್ತಿದ್ದವು.

ರೌಂಡರ್‌ನ ಮೂವರು ಸ್ಥಾಪಕರಾದ ಕೆನ್ ಇರ್ವಿನ್, ಬಿಲ್ ನೌಲಿನ್ ಮತ್ತು ಮರಿಯನ್ ಲೇಟನ್ ಈ ಸಂಗೀತದ ನಾಡಿನವರಲ್ಲ. ಇರ್ವಿನ್ ಮತ್ತು ನೌಲಿನ್ ಮ್ಯಾಸಚೂಸೆಟ್ಸ್‌ನ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಒಂದೇ ಕೋಣೆಯಲ್ಲಿದ್ದ ಸಹಪಾಠಿಗಳು. ವಿದ್ಯಾರ್ಥಿಗಳಾಗಿದ್ದಾಗಲೇ ದಾರಿಯಲ್ಲಿ ಸಿಕ್ಕ ವಾಹನಗಳನ್ನು ಹತ್ತಿಕೊಂಡು ನಿಮ್ಮ ರಾಜ್ಯದ ಯೂನಿಯನ್ ಗ್ರೋವ್‌ನಲ್ಲಿ ನಡೆಯುತ್ತಿದ್ದ ಪಿಟೀಲುಗಾರರ ಸಮ್ಮೇಳನಕ್ಕೆ ಹೋಗುತ್ತಿದ್ದವರು. ವಿಯೆಟ್ನಾಂ ಯುದ್ಧದ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದಿದ್ದ ಕಾಲ ಅದು. ಈ ಮೂವರೂ ಎಡಪಂಥೀಯ ಒಲವುಳ್ಳವರು, ತಮ್ಮನ್ನು ಕಂಪನಿ ಎಂದು ಕರೆದುಕೊಳ್ಳದೆ ಸಮೂಹವೆಂದು ಕರೆದುಕೊಂಡವರು. 1970ರಲ್ಲಿ ಬಾಸ್ಟನ್ ಪಕ್ಕದ ಸೊಮರ್‌ವಿಲ್‌ನ ತಮ್ಮ ವಾಸದ ಮನೆಯಲ್ಲಿಯೇ ಕೆಲಸ ಆರಂಭಿಸಿ ಮೊದಲಿಗೆ ಎರಡು ತಟ್ಟೆಗಳನ್ನು ಹೊರತಂದರು. 0001 ಎಂಬ ಸಂಖ್ಯೆಯದು ನಾರ್ತ್ ಕ್ಯಾರೊಲೈನಾದ ಹಿರಿಯ ಬ್ಯಾಂಜೊ ವಾದಕ ಜಾರ್ಜ್ ಪೆಗ್ರಮ್ ಅವರದು. 0002 ಕೇಂಬ್ರಿಜ್‌ನಲ್ಲಿ ಹಳೆಯ ಶೈಲಿಯನ್ನು ಕಲಿತು ನುಡಿಸುತ್ತಿದ್ದ ‘ಸ್ಪಾರ್ಕ್ ಗ್ಯಾಪ್ ವಂಡರ್ ಬಾಯ್ಸ್’ ಎಂಬ ಯುವಕರದು. ಹಳ್ಳಿಯ ಹಿರಿಯ ವಾದಕನೊಬ್ಬ, ಅಂಥವರಿಂದ ಕಲಿತ ನಗರದ ಹುಡುಗರು, ಇವರಿಬ್ಬರನ್ನೂ ಒಂದೇ ಕಾಲಕ್ಕೆ, ಒಂದೇ ಗೌರವದಿಂದ ಮುಂದಿಟ್ಟ ಈ ಕ್ರಮವೇ ಮುಂದಿನ ನಲವತ್ತು ವರ್ಷಗಳ ದಿಕ್ಕನ್ನು ಸೂಚಿಸಿತು.

ಆರಂಭದ ವರ್ಷಗಳ ಅವರ ಆಯ್ಕೆಗಳನ್ನು ಗಮನಿಸಿದರೆ ಇವರ ರಾಜಕೀಯವೂ ಸಂಗೀತಾಭಿರುಚಿಯೂ ಬೇರೆ ಬೇರೆಯಾಗಿರಲಿಲ್ಲ ಎಂಬುದು ತಿಳಿಯುತ್ತದೆ. ಹಳೆಯ ಮುದ್ರಣಗಳ ಮರುಪ್ರಕಟಣೆಗೆಂದು ಮೀಸಲಿಟ್ಟ 1000ರ ಸರಣಿಯ ಮೊದಲ ತಟ್ಟೆ ವೆಸ್ಟ್ ವರ್ಜೀನಿಯಾದ ಅಂಧ ಪಿಟೀಲುಗಾರ ಆಲ್ಫ್ರೆಡ್ ರೀಡ್ ಅವರದು. ಇಂಥ ಕಾಲದಲ್ಲಿ ಬಡವನು ಬದುಕುವುದು ಹೇಗೆ ಎಂದು ಕೇಳುವ, 1929ರಲ್ಲಿ ಮುದ್ರಣಗೊಂಡ ಅವರ ಹಾಡೇ ಆ ತಟ್ಟೆಯ ಶೀರ್ಷಿಕೆಯೂ ಆಯಿತು. ಅದರ ಬೆನ್ನಿಗೆ ಬಂದದ್ದು ಕೆಂಟಕಿಯ ಗಣಿಕಾರ್ಮಿಕರ ಹೋರಾಟಗಳಲ್ಲಿ ಹಾಡಿದ ಆಂಟ್ ಮೋಲಿ ಜಾಕ್ಸನ್ ಅವರ ಧ್ವನಿ. ಆ ನಂತರ ಕಲ್ಲಿದ್ದಲು ಗಣಿಯವರ ಹಾಡುಗಳದೇ ಒಂದು ಸಂಕಲನ ಬಂತು.

1973ರ ‘ಹೇಜಲ್ ಅಂಡ್ ಆಲಿಸ್’ ತಟ್ಟೆಯನ್ನು ನಾನು ಈ ಸಂಸ್ಥೆಯ ಅತ್ಯಂತ ದೂರಗಾಮಿ ಪ್ರಕಟಣೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಹೇಜಲ್ ಡಿಕೆನ್ಸ್ ವೆಸ್ಟ್ ವರ್ಜೀನಿಯಾದ ಗಣಿ ಸೀಮೆಯ ಬಡ ಕುಟುಂಬದಲ್ಲಿ ಹುಟ್ಟಿ, ದುಡಿಮೆ ಅರಸಿ ಬಾಲ್ಟಿಮೋರ್‌ಗೆ ಬಂದು ಕಾರ್ಖಾನೆ ಸೇರಿದವರು; ಗಣಿಯ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗೆ ಸೋದರನನ್ನು ಕಳೆದುಕೊಂಡು ಅದರ ಮೇಲೆ ಹಾಡು ಕಟ್ಟಿದವರು. ಆಲಿಸ್ ಜೆರಾರ್ಡ್ ಪಶ್ಚಿಮ ಕರಾವಳಿಯಲ್ಲಿ ಬೆಳೆದು ಕಾಲೇಜಿನಲ್ಲಿದ್ದಾಗ ಈ ಸಂಗೀತಕ್ಕೆ ಮನಸೋತವರು. ಬ್ಲೂಗ್ರಾಸ್ ವೇದಿಕೆಯಲ್ಲಿ ಹೆಂಗಸರು ಹೆಚ್ಚಾಗಿ ಗಂಡನ ಅಥವಾ ತಂದೆಯ ಮೇಳದಲ್ಲಿ ಒಂದು ಬದಿಗೆ ನಿಲ್ಲುತ್ತಿದ್ದ ಕಾಲದಲ್ಲಿ ಈ ಇಬ್ಬರು ತಾವೇ ಮುಂದೆ ನಿಂತು, ತಮ್ಮದೇ ರಚನೆಗಳನ್ನು ಸೇರಿಸಿಕೊಂಡು, ನಯಗೊಳಿಸದ ತಾರಸ್ಥಾಯಿಯಲ್ಲಿ ಹಾಡಿದರು. ಅದಕ್ಕೆ ಮೊದಲು ಫೋಕ್‌ವೇಸ್ ಸಂಸ್ಥೆಗೂ ಅವರು ಹಾಡಿದ್ದರು. ಆದರೆ ಹೆಣ್ಣಿನ ಪಾಡನ್ನು ಹೆಣ್ಣೇ ಹೇಳುವ ಹೊಸ ಹಾಡುಗಳಿಗೆ ಜಾಗ ಸಿಕ್ಕದ್ದು ಇಲ್ಲಿ. ಇಂದು ಬ್ಲೂಗ್ರಾಸ್ ಮೇಳಗಳನ್ನು ಮುನ್ನಡೆಸುತ್ತಿರುವ ಹೆಣ್ಣುಮಕ್ಕಳಲ್ಲಿ ಅನೇಕರು ಈ ಇಬ್ಬರನ್ನು ತಮ್ಮ ಹಿರಿಯರೆಂದು ನೆನೆಯುತ್ತಾರೆ. 2017ರಲ್ಲಿ ಇಬ್ಬರ ಹೆಸರೂ ಅಂತರರಾಷ್ಟ್ರೀಯ ಬ್ಲೂಗ್ರಾಸ್ ಗೌರವ ಪಟ್ಟಿಗೆ ಸೇರಿತು. ಡಿಕೆನ್ಸ್ ಅದನ್ನು ನೋಡಲು ಇರಲಿಲ್ಲ, 2011ರಲ್ಲಿ ತೀರಿಕೊಂಡಿದ್ದರು.

ಎರಡು ವರ್ಷಗಳ ನಂತರ ಬಂದ ಇನ್ನೊಂದು ತಟ್ಟೆಯನ್ನು ಬ್ಲೂಗ್ರಾಸ್ ಬಳಗದವರು ಶೀರ್ಷಿಕೆಯಿಂದ ಕರೆಯುವುದಕ್ಕಿಂತ ಹೆಚ್ಚಾಗಿ ಅದರ ಕ್ರಮಸಂಖ್ಯೆಯಿಂದಲೇ ಗುರುತಿಸುತ್ತಾರೆ. 1975ರ ‘ರೌಂಡರ್ 0044’ ಎಂದರೆ ಜೆ.ಡಿ. ಕ್ರೋ ಮತ್ತು ಅವರ ‘ನ್ಯೂ ಸೌತ್’ ಮೇಳದ ಆಲ್ಬಮ್. ಕ್ರೋ ಬ್ಯಾಂಜೊ ವಾದಕರು, ಜಿಮ್ಮಿ ಮಾರ್ಟಿನ್ ಅವರ ಮೇಳದಲ್ಲಿ ಪಳಗಿದವರು, ಕೆಂಟಕಿಯ ಲೆಕ್ಸಿಂಗ್‌ಟನ್‌ನ ಹೋಟೆಲಿನಲ್ಲಿ ರಾತ್ರಿಯೆಲ್ಲ ನುಡಿಸಿ ಮೇಳವನ್ನು ಹದಗೊಳಿಸಿದವರು. ಅವರ ಸುತ್ತ ಇದ್ದವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು: ಗಿಟಾರ್ ಮತ್ತು ಮುಖ್ಯ ಗಾಯನಕ್ಕೆ ಟೋನಿ ರೈಸ್, ಮ್ಯಾಂಡೊಲಿನ್ ಮತ್ತು ಪಿಟೀಲಿಗೆ ರಿಕಿ ಸ್ಕ್ಯಾಗ್ಸ್, ತಂತಿಯ ಮೇಲೆ ಲೋಹದ ಪಟ್ಟಿ ಜಾರಿಸಿ ನುಡಿಸುವ ಡೋಬ್ರೊ ಗಿಟಾರಿಗೆ ಜೆರ್ರಿ ಡಗ್ಲಸ್; ಬಾಸ್‌ಗೆ ಇದ್ದ ಬಾಬಿ ಸ್ಲೋನ್ ಮಾತ್ರ ವಯಸ್ಸಿನಲ್ಲಿ ಹಿರಿಯರು. ಹಾಡುಗಳ ಆಯ್ಕೆಯೇ ಆಗ ಹೊಸತಾಗಿತ್ತು. ಹಳೆಯ ಭಕ್ತಿಗೀತೆ ಮತ್ತು ಪಿಟೀಲಿನ ಮಟ್ಟುಗಳ ಜೊತೆಗೆ ಕೆನಡಾದ ಗಾರ್ಡನ್ ಲೈಟ್‌ಫುಟ್, ಇಯಾನ್ ಟೈಸನ್ ಅವರ ಆಧುನಿಕ ರಚನೆಗಳೂ, ನ್ಯೂ ಆರ್ಲಿಯನ್ಸ್‌ನ ಫ್ಯಾಟ್ಸ್ ಡಾಮಿನೊ ಅವರ ಹಾಡೂ ಒಂದೇ ಪಂಕ್ತಿಯಲ್ಲಿ ಕುಳಿತವು. ಕೇಳಿದವರಿಗೆ ಎಲ್ಲಿಯೂ ಹೊಲಿಗೆ ಕಾಣಲಿಲ್ಲ. ತಾಳವನ್ನು ಅವರು ಹಿಡಿಯುವ ಬಿಗಿ, ಪ್ರತಿ ಸ್ವರವನ್ನೂ ಬಿಡಿಸಿ ಕೇಳಿಸುವ ಮುದ್ರಣದ ಸ್ವಚ್ಛತೆ, ಮೂರು ದನಿಗಳ ಹೊಂದಾಣಿಕೆ, ಇವು ಮುಂದಿನ ಮೇಳಗಳಿಗೆ ಪಾಠವಾದವು. ಆ ತಂಡ ಅದೇ ವರ್ಷದೊಳಗೆ ಚದುರಿತು. ತಟ್ಟೆ ಇಲ್ಲದಿದ್ದರೆ ಅದನ್ನು ಎದುರು ಕುಳಿತು ಕೇಳಿದ ಕೆಲವರ ನೆನಪಷ್ಟೇ ಉಳಿಯುತ್ತಿತ್ತು. ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ 2024ರಲ್ಲಿ ಈ ಆಲ್ಬಮನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ದಾಖಲೆಗೆ ಸೇರಿಸಿತು. ರೈಸ್ 2020ರ ಕ್ರಿಸ್‌ಮಸ್ ದಿನ, ಕ್ರೋ 2021ರ ಕ್ರಿಸ್‌ಮಸ್ ಹಿಂದಿನ ದಿನ ತೀರಿಕೊಂಡಿದ್ದರು.

ಇವೆಲ್ಲ ಎಲ್ಲರಿಗೂ ತಿಳಿದ ತಟ್ಟೆಗಳು. ಪರಂಪರೆಯ ಪ್ರಶ್ನೆಗೆ ನಿಜವಾದ ಉತ್ತರ ನನಗೆ ಕಾಣುವುದು ಅಷ್ಟಾಗಿ ಮಾರಾಟವಾಗದವುಗಳಲ್ಲಿ. ಎಡ್ ಹೇಲಿ ಅವರದು ಅಂಥ ಒಂದು ಪ್ರಸಂಗ. 1885ರಲ್ಲಿ ಹುಟ್ಟಿದ, ಕೆಂಟಕಿಯ ಆಶ್‌ಲ್ಯಾಂಡ್‌ನಲ್ಲಿ ನೆಲೆಸಿದ್ದ ಈ ಅಂಧ ಪಿಟೀಲುಗಾರ ಬೀದಿಗಳಲ್ಲಿ, ನ್ಯಾಯಾಲಯದ ಅಂಗಳಗಳಲ್ಲಿ ನುಡಿಸಿ ಸಂಸಾರ ನಡೆಸಿದವರು. ಕಂಪನಿಗಳು ಮೋಸ ಮಾಡುತ್ತವೆಂಬ ಶಂಕೆಯಿಂದ ವ್ಯಾಪಾರಿ ಮುದ್ರಣಕ್ಕೆ ಒಪ್ಪಲೇ ಇಲ್ಲ ಎನ್ನುತ್ತಾರೆ. 1940ರ ದಶಕದ ಉತ್ತರಾರ್ಧದಲ್ಲಿ ಮಲಮಗ ಮನೆಯಲ್ಲಿಯೇ ತಟ್ಟೆ ಕೊರೆಯುವ ಯಂತ್ರವಿಟ್ಟು ತಂದೆಯ ವಾದನವನ್ನು ಹಿಡಿದಿಟ್ಟರು. 1951ರಲ್ಲಿ ಹೇಲಿ ತೀರಿಕೊಂಡರು. ಆ ಮನೆತಟ್ಟೆಗಳಿಂದ ಆರಿಸಿ ರೌಂಡರ್ 1976ರಲ್ಲಿ ಒಂದು ಎಲ್‌ಪಿ ಹೊರತಂದಿತು. ಸೂಜಿಯ ಕರಕರ ಸದ್ದಿನ ನಡುವೆ ಕೇಳುವ ಆ ಬಿಲ್ಲಿನ ಎಳೆತ ಪಿಟೀಲುಗಾರರಲ್ಲಿ ಒಂದು ಬಗೆಯ ದಿಗ್ಭ್ರಮೆ ಹುಟ್ಟಿಸಿತು. ಪ್ರಸಿದ್ಧ ಗಾಯಕ, ವಾದಕ ಜಾನ್ ಹಾರ್ಟ್‌ಫರ್ಡ್ ತಮ್ಮ ಕೊನೆಯ ವರ್ಷಗಳನ್ನು ಬಹುಪಾಲು ಹೇಲಿಯ ಬದುಕನ್ನು ಹುಡುಕುವುದರಲ್ಲಿಯೇ ಕಳೆದರು. 1990ರ ದಶಕದ ಕೊನೆಗೆ ರೌಂಡರ್ ಇನ್ನೂ ಹೆಚ್ಚಿನ ಮುದ್ರಣಗಳನ್ನು ಎರಡು ಜೋಡಿ ಸಿ.ಡಿ.ಗಳಾಗಿ ಪ್ರಕಟಿಸಿತು. ಇಂಥ ಕೆಲಸಗಳ ಹಿಂದೆ ಮಾರ್ಕ್ ವಿಲ್ಸನ್ ಎಂಬ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಿದ್ದರು. ಕೆಂಟಕಿಯ ಮತ್ತು ಕೆನಡಾದ ಕೇಪ್ ಬ್ರಿಟನ್ ದ್ವೀಪದ ಹಳೆಯ ಪಿಟೀಲುಗಾರರನ್ನು ಅವರ ಊರುಗಳಿಗೇ ಹೋಗಿ ಮುದ್ರಿಸಿ, ಪ್ರತಿ ಮಟ್ಟಿನ ಮೂಲವನ್ನೂ ಟಿಪ್ಪಣಿಯಲ್ಲಿ ಬರೆದಿಟ್ಟ ಅವರ ದುಡಿಮೆಗೆ ಯಾವ ಪ್ರಶಸ್ತಿಯೂ ಸಾಲದು.

1989ರ ‘ಆಲ್ಟಮಾಂಟ್’ ಕೂಡ ಇದೇ ಸಾಲಿಗೆ ಸೇರುತ್ತದೆ. ಬ್ಯಾಂಜೊ ಅಮೆರಿಕಕ್ಕೆ ಬಂದದ್ದು ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರಿಂದ; ಆದರೆ ಇಪ್ಪತ್ತನೆಯ ಶತಮಾನದ ನಡುವಿನ ವೇಳೆಗೆ ಅದು ಬಿಳಿಯರ ವಾದ್ಯವೆಂಬ ಭಾವನೆ ಬೇರೂರಿತ್ತು. ಕಂಪನಿಗಳು ಕಪ್ಪು ಜನರಿಂದ ಬ್ಲೂಸ್ ಹಾಡುಗಳನ್ನು ಬಯಸುತ್ತಿದ್ದುದರಿಂದ ಅವರ ಪಿಟೀಲು–ಬ್ಯಾಂಜೊ ಮೇಳಗಳು ಹೆಚ್ಚಾಗಿ ಮುದ್ರಣವಾಗಲೇ ಇಲ್ಲ. 1940ರ ದಶಕದಲ್ಲಿ ಟೆನೆಸ್ಸಿಯಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಮುದ್ರಿಸಿದ್ದ ಅಂಥ ಎರಡು ಮೇಳಗಳ ಸಂಗೀತವನ್ನು ರೌಂಡರ್ ಈ ತಟ್ಟೆಯಲ್ಲಿ ಸಾರ್ವಜನಿಕರ ಮುಂದಿಟ್ಟಿತು. 2005ರಲ್ಲಿ ನಿಮ್ಮ ರಾಜ್ಯದ ಬೂನ್ ಪಟ್ಟಣದಲ್ಲಿ ಕಪ್ಪು ಬ್ಯಾಂಜೊ ವಾದಕರ ಸಮಾವೇಶ ನಡೆದು, ಅಲ್ಲಿಂದ ಹೊಸ ತಲೆಮಾರಿನ ಕಪ್ಪು ವಾದಕರು ತಮ್ಮ ಹಿರಿಯರ ಸಂಗೀತವನ್ನು ಮರಳಿ ಕೈಗೆತ್ತಿಕೊಂಡಾಗ, ಕಲಿಯಲು ಆಧಾರವಾಗಬಲ್ಲ ಧ್ವನಿಗಳು ಬಹಳ ಕಡಿಮೆ ಇದ್ದವು. ಇದ್ದ ಕೆಲವೇ ಕೆಲವುಗಳಲ್ಲಿ ಇದು ಮುಖ್ಯವಾದುದು.

ಜಾನಪದ ಸಂಗೀತದ ಸಂಗ್ರಹಕಾರ ಅಲನ್ ಲೋಮ್ಯಾಕ್ಸ್ ಅವರ ಧ್ವನಿಮುದ್ರಣಗಳ ಪ್ರಕಟಣೆಯನ್ನು ರೌಂಡರ್ 1997ರಲ್ಲಿ ಕೈಗೆತ್ತಿಕೊಂಡು ನೂರಕ್ಕೂ ಹೆಚ್ಚು ಸಿ.ಡಿ.ಗಳನ್ನು ತಂದಿತು. ಮಾರುಕಟ್ಟೆಯ ಲೆಕ್ಕದಲ್ಲಿ ಇದು ಸಾಹಸವೇ ಸರಿ. ಈ ಬಗೆಯ ಪ್ರಕಟಣೆ ಏಕೆ ಬೇಕು ಎಂಬುದಕ್ಕೆ ಜೇಮ್ಸ್ ಕಾರ್ಟರ್ ಅವರ ಕಥೆಯೊಂದೇ ಸಾಕು. 1959ರಲ್ಲಿ ಮಿಸಿಸಿಪ್ಪಿಯ ಪಾರ್ಚ್‌ಮನ್ ಜೈಲಿನಲ್ಲಿ ಸಹಕೈದಿಗಳೊಂದಿಗೆ ಮರ ಕಡಿಯುತ್ತ, ಕೊಡಲಿಯ ಪೆಟ್ಟನ್ನೇ ತಾಳವಾಗಿಸಿಕೊಂಡು ಕಾರ್ಟರ್ ಹಾಡಿದ ಒಂದು ಹಾಡನ್ನು ಲೋಮ್ಯಾಕ್ಸ್ ಮುದ್ರಿಸಿಕೊಂಡಿದ್ದರು. 2000ದಲ್ಲಿ ತೆರೆಕಂಡ ‘ಓ ಬ್ರದರ್, ವೇರ್ ಆರ್ಟ್ ದೌ?’ ಚಿತ್ರದಲ್ಲಿ ಆ ಮುದ್ರಣವೇ ಬಳಕೆಯಾಗಿ, ಚಿತ್ರದ ಸಂಗೀತದ ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾಯಿತು. ಹಾಡಿದವನ ಹೆಸರು ದಾಖಲೆಯಲ್ಲಿ ಇದ್ದುದರಿಂದ ಲೋಮ್ಯಾಕ್ಸ್ ಸಂಗ್ರಹದವರು ಅವರನ್ನು ಹುಡುಕಲು ಸಾಧ್ಯವಾಯಿತು. 2002ರಲ್ಲಿ ಷಿಕಾಗೊದಲ್ಲಿ, ಎಪ್ಪತ್ತು ದಾಟಿದ್ದ ಕಾರ್ಟರ್ ಅವರ ಕೈಗೆ ರಾಯಲ್ಟಿಯಾಗಿ 20,000 ಡಾಲರ್‌ಗಳ ಚೆಕ್ಕು ತಲುಪಿತು. ಆ ಹಾಡನ್ನು ಹಾಡಿದ್ದುದನ್ನೇ ಅವರು ಮರೆತಿದ್ದರು. ಹೆಸರು ಬರೆದಿಡುವ ಶಿಸ್ತಿಗೆ ನಾನು ಇಷ್ಟು ಒತ್ತು ಕೊಡುವುದು ಈ ಕಾರಣಕ್ಕೆ. ‘ಕೈದಿಗಳ ಹಾಡು’ ಎಂದಷ್ಟೇ ಬರೆದು ಮುಗಿಸಿದ್ದರೆ ಕಾರ್ಟರ್ ಸಿಗುತ್ತಿರಲಿಲ್ಲ.

ಇದಕ್ಕೆಲ್ಲ ಹಣ ಎಲ್ಲಿಂದ ಬಂತು ಎಂದು ನೀವು ಕೇಳಬಹುದು, ಕೇಳಲೇಬೇಕು. ತಟ್ಟೆ ತಯಾರಿಸುವ ಕಾರ್ಖಾನೆಗೆ ಮುಂಗಡ ಕೊಡಬೇಕು, ಅಂಗಡಿಗಳಿಂದ ದುಡ್ಡು ತಿಂಗಳುಗಟ್ಟಲೆ ತಡವಾಗಿ ಬರುತ್ತದೆ, ಮಾರಾಟವಾಗದ ಸರಕು ಹಿಂತಿರುಗುತ್ತದೆ. ಸಣ್ಣ ಸಂಸ್ಥೆಗಳು ಹಾಡಿನ ಕೊರತೆಯಿಂದ ಸಾಯುವುದಿಲ್ಲ, ಈ ಅಂತರದಲ್ಲಿ ಸಾಯುತ್ತವೆ. ರೌಂಡರ್ ಉತ್ಸವಗಳಲ್ಲಿ ಮೇಜು ಹಾಕಿ ಮಾರಿತು, ಅಂಚೆಯ ಮೂಲಕ ಮಾರಿತು, ತನ್ನಂಥ ಇತರ ಸಣ್ಣ ಸಂಸ್ಥೆಗಳ ತಟ್ಟೆಗಳ ವಿತರಣೆಯನ್ನೂ ವಹಿಸಿಕೊಂಡಿತು. ಆಮೇಲೆ ಅನಿರೀಕ್ಷಿತ ದಿಕ್ಕಿನಿಂದ ನೆರವು ಒದಗಿತು. ಡೆಲವೇರ್‌ನ ಜಾರ್ಜ್ ತೊರೊಗುಡ್ ಎಂಬ ಯುವಕ ವಿದ್ಯುತ್ ಗಿಟಾರಿನಲ್ಲಿ ಅಬ್ಬರದ ಬ್ಲೂಸ್ ನುಡಿಸುವವರು. 1978ರಲ್ಲಿ ಬಂದ ಅವರ ಎರಡನೆಯ ಆಲ್ಬಮ್ ಐದು ಲಕ್ಷ ಪ್ರತಿಗಳ ಮಾರಾಟಕ್ಕೆ ಸಲ್ಲುವ ‘ಗೋಲ್ಡ್’ ಮನ್ನಣೆ ಪಡೆಯಿತು. ಅದೃಷ್ಟ ಕೈಹಿಡಿದಾಗ ಅಪರೂಪದ ಹಳೆಯ ಸಂಗೀತವನ್ನು ಕೈಬಿಟ್ಟು ಇನ್ನೊಬ್ಬ ತೊರೊಗುಡ್‌ನನ್ನು ಹುಡುಕಿಕೊಂಡು ಹೋಗುವುದು ಸುಲಭದ ದಾರಿಯಾಗಿತ್ತು. ಸಂಸ್ಥೆ ಹಾಗೆ ಮಾಡಲಿಲ್ಲ. ಹತ್ತು ಸಾಮಾನ್ಯ ತಟ್ಟೆಗಳ ನಷ್ಟವನ್ನು ಗೆದ್ದ ಒಂದು ತಟ್ಟೆಯ ಲಾಭದಿಂದ ತುಂಬಿಕೊಳ್ಳುವ ಕ್ರಮವನ್ನೇ ಬೆಳೆಸಿಕೊಂಡು, ಲೂಸಿಯಾನದ ಕೇಜನ್ ಮತ್ತು ಜೈಡಿಕೊ ಸಂಗೀತ, ನ್ಯೂ ಆರ್ಲಿಯನ್ಸ್‌ನ ಪಿಯಾನೊ, ಜಮೈಕಾದ ರೆಗೆ, ಹೀಗೆ ಹರವನ್ನು ಹಿಗ್ಗಿಸಿತು. ಕ್ಲಾರೆನ್ಸ್ ‘ಗೇಟ್‌ಮೌತ್’ ಬ್ರೌನ್ ಅವರ ಬ್ಲೂಸ್ ಆಲ್ಬಮ್‌ಗೆ 1983ರಲ್ಲಿ ಅಮೆರಿಕದ ಪ್ರಮುಖ ಸಂಗೀತ ಪ್ರಶಸ್ತಿಯಾದ ಗ್ರ್ಯಾಮಿ ಸಂದಿತು.

ಸಣ್ಣ ಸಂಸ್ಥೆ ಬೆಳೆಸಿದವರನ್ನು ದೊಡ್ಡ ಕಂಪನಿಗಳು ಕರೆದೊಯ್ಯುವುದು ಈ ಕ್ಷೇತ್ರದ ರೂಢಿ. ತೊರೊಗುಡ್ ಇ.ಎಂ.ಐ. ಎಂಬ ದೊಡ್ಡ ಕಂಪನಿಯ ಕಡೆಗೆ ಹೋದರು. ನಿಮ್ಮ ನೆರೆಯ ಡರ್ಹಮ್‌ನಲ್ಲಿ ಬ್ಯಾರಿ ಪಾಸ್ 1978ರಲ್ಲಿ ಕಟ್ಟಿದ ಶುಗರ್ ಹಿಲ್ ಸಂಸ್ಥೆಯಿಂದ ರಿಕಿ ಸ್ಕ್ಯಾಗ್ಸ್ ಎಪಿಕ್ ಎಂಬ ದೊಡ್ಡ ಕಂಪನಿಗೆ ಹೋದರು. ಶುಗರ್ ಹಿಲ್ ಕೂಡ ಪ್ರತ್ಯೇಕ ಬರಹಕ್ಕೆ ಅರ್ಹವಾದದ್ದು. ಅಲಿಸನ್ ಕ್ರಾಸ್ ಮಾತ್ರ ಹೋಗಲಿಲ್ಲ. ಇಲಿನಾಯ್‌ನಲ್ಲಿ ಬೆಳೆದ ಈ ಪಿಟೀಲು ವಾದಕಿ, ಗಾಯಕಿಯ ಸಾಮರ್ಥ್ಯವನ್ನು ಕೆನ್ ಇರ್ವಿನ್ ಗುರುತಿಸಿದಾಗ ಆಕೆ ಇನ್ನೂ ಶಾಲೆಯ ಹುಡುಗಿ. ಮೊದಲ ಆಲ್ಬಮ್ 1987ರಲ್ಲಿ ಬಂತು. 1995ರ ಸಂಕಲನ ಅಮೆರಿಕವೊಂದರಲ್ಲಿಯೇ ಇಪ್ಪತ್ತು ಲಕ್ಷ ಪ್ರತಿಗಳನ್ನು ದಾಟಿ, ಬ್ಲೂಗ್ರಾಸ್ ಹಿನ್ನೆಲೆಯ ಕಲಾವಿದರಿಗೆ ಇಷ್ಟು ದೊಡ್ಡ ಶ್ರೋತೃವರ್ಗ ಇರಬಹುದೆಂಬುದನ್ನು ತೋರಿಸಿತು. 2007ರಲ್ಲಿ ಬ್ರಿಟನ್ನಿನ ರಾಕ್ ಗಾಯಕ ರಾಬರ್ಟ್ ಪ್ಲಾಂಟ್ ಜೊತೆಗೆ ಆಕೆ ಮಾಡಿದ ‘ರೇಸಿಂಗ್ ಸ್ಯಾಂಡ್’ 2009ರ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಮ್ ಎನಿಸಿಕೊಂಡಿತು. ಇಂಥ ಗೆಲುವಿನ ಹಣ ಸಂಸ್ಥೆಗೆ ಬರುತ್ತಿದ್ದ ವರ್ಷಗಳಲ್ಲಿಯೇ ಲೋಮ್ಯಾಕ್ಸ್ ಸರಣಿಯೂ ಹೊರಬಂದದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ಹೊಗಳಿಕೆಯಷ್ಟನ್ನೇ ಬರೆದರೆ ಉತ್ತರ ಅಪೂರ್ಣವಾಗುತ್ತದೆ. ದುಡಿಯುವವರ ಪರ ಹಾಡುಗಳನ್ನು ಪ್ರಕಟಿಸಿದ ಸಂಸ್ಥೆಯಲ್ಲಿಯೇ 1970ರ ದಶಕದ ಕೊನೆಯ ವೇಳೆಗೆ ನೌಕರರು ಕಾರ್ಮಿಕ ಸಂಘ ಕಟ್ಟಿಕೊಂಡರು. ಸಮೂಹವೆಂಬ ಆದರ್ಶವೂ ಮಾಲೀಕತ್ವವೆಂಬ ವಾಸ್ತವವೂ ಒಂದಾಗಿ ಉಳಿಯುವುದು ಕಷ್ಟವೆಂದು ಆಗ ಸ್ಪಷ್ಟವಾಯಿತು. ಇನ್ನೊಂದು ಆಕ್ಷೇಪ ಇನ್ನೂ ಆಳವಾದದ್ದು. ಉತ್ತರದ ನಗರಗಳ ವಿದ್ಯಾವಂತರು ದಕ್ಷಿಣದ ಹಳ್ಳಿಗಳಿಗೆ ಹೋಗಿ ಯಾವುದು ಅಸಲಿ, ಯಾವುದು ಅಲ್ಲ ಎಂದು ನಿರ್ಧರಿಸಿದರು. ಅವರ ಅಭಿರುಚಿಗೆ ಹೊಂದದ ಸಂಗೀತ, ಉದಾಹರಣೆಗೆ ಹಳ್ಳಿಯವರೇ ಮೆಚ್ಚಿ ಕೇಳುತ್ತಿದ್ದ ನಯವಾದ ಕಂಟ್ರಿ ಹಾಡು, ಹಿಂದೆ ಸರಿಯಿತು. ಈ ಆಕ್ಷೇಪದಲ್ಲಿ ಹುರುಳಿದೆ. ನಾನು ಸೇರಿಸಬಯಸುವುದು ಇಷ್ಟೇ: ಆರಿಸುವವರ ಒಲವು ಏನೇ ಇರಲಿ, ಅವರು ಹಾಡಿದವರ ಮಾತಿಗೂ ಪುಸ್ತಿಕೆಯಲ್ಲಿ ಸ್ಥಳ ಕೊಟ್ಟರು, ಆದ್ದರಿಂದ ಆ ಒಲವನ್ನು ಇಂದು ನಾವು ಪ್ರಶ್ನಿಸಲು ಬೇಕಾದ ಆಧಾರವನ್ನೂ ಅವರೇ ಉಳಿಸಿಹೋದರು.

ಈಗ ಮಾರಾಟದ ವಿಷಯ. 1998ರಲ್ಲಿಯೇ ವಿತರಣೆ ಯೂನಿವರ್ಸಲ್ ಸಮೂಹದ ಕೈಗೆ ಹೋಗಿತ್ತು. ಸಿ.ಡಿ. ಮಾರಾಟ ಕುಸಿದು ಅಂಗಡಿಗಳು ಮುಚ್ಚುತ್ತ ಬಂದ ಕಾಲದಲ್ಲಿ, 2010ರಲ್ಲಿ, ಸಂಸ್ಥೆಯನ್ನು ಕ್ಯಾಲಿಫೋರ್ನಿಯಾದ ಕಾನ್‌ಕಾರ್ಡ್ ಮ್ಯೂಸಿಕ್ ಗ್ರೂಪ್ ಕೊಂಡುಕೊಂಡಿತು. ಕೆಲವು ವರ್ಷಗಳಲ್ಲಿ ಕಚೇರಿ ಮ್ಯಾಸಚೂಸೆಟ್ಸ್‌ನಿಂದ ನ್ಯಾಶ್‌ವಿಲ್‌ಗೆ ಸಾಗಿತು. 2015ರಲ್ಲಿ ಶುಗರ್ ಹಿಲ್ ಕೂಡ ಅದೇ ಕಾನ್‌ಕಾರ್ಡ್ ಪಾಲಾಯಿತು. ಹೊಸ ಆಡಳಿತದಲ್ಲಿ ರೌಂಡರ್ ಹೆಸರಿಗಷ್ಟೇ ಉಳಿದಿದೆ ಎನ್ನುವುದು ಅನ್ಯಾಯವಾದೀತು. ಬಿಲ್ಲಿ ಸ್ಟ್ರಿಂಗ್ಸ್ ಅವರ ‘ಹೋಮ್’ ಅಲ್ಲಿಂದಲೇ ಬಂದು 2021ರಲ್ಲಿ ಬ್ಲೂಗ್ರಾಸ್ ಗ್ರ್ಯಾಮಿ ಪಡೆಯಿತು. ವೆಸ್ಟ್ ವರ್ಜೀನಿಯಾದ ಸಿಯೆರಾ ಫೆರೆಲ್ ಅಲ್ಲಿಂದಲೇ ಹೊರತಂದ ಹಾಡುಗಳಿಗೆ 2025ರಲ್ಲಿ ನಾಲ್ಕು ಗ್ರ್ಯಾಮಿ ಬಂದವು. ಜೀವಂತ ಕಲಾವಿದರನ್ನು ಗುರುತಿಸುವ ಅರ್ಧ ಕೆಲಸ ಮುಂದುವರಿದಿದೆ. ಕೆಲವೇ ನೂರು ಜನ ಕೊಳ್ಳುವ ಪಿಟೀಲುಗಾರನ ತಟ್ಟೆಯನ್ನು ಹೊರತರುವ ಇನ್ನರ್ಧ ಅಷ್ಟು ಕಾಣುತ್ತಿಲ್ಲ, ಹಳೆಯ ಎಲ್‌ಪಿಗಳಲ್ಲಿ ಅನೇಕವು ಮತ್ತೆ ಅಚ್ಚಾಗಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ. ಲೋಮ್ಯಾಕ್ಸ್ ಅವರ ಸಾವಿರಾರು ಮುದ್ರಣಗಳು 2012ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತಿರುವುದು ಒಂದು ಸಮಾಧಾನ.

ಸ್ಥಾಪಕರ ಕಥೆ ಮಾರಾಟದೊಂದಿಗೆ ಮುಗಿಯಲಿಲ್ಲ. 2016ರಲ್ಲಿ ಮೂವರನ್ನೂ ಬ್ಲೂಗ್ರಾಸ್ ಗೌರವ ಪಟ್ಟಿಗೆ ಸೇರಿಸಲಾಯಿತು. ಅಷ್ಟಕ್ಕೆ ನಿಲ್ಲದೆ ಅವರು ‘ಡೌನ್ ದ ರೋಡ್ ರೆಕಾರ್ಡ್ಸ್’ ಎಂಬ ಹೊಸ ಸಂಸ್ಥೆಯನ್ನು ಆರಂಭಿಸಿದ್ದಾರೆ; ಅಲಿಸನ್ ಕ್ರಾಸ್ ತಮ್ಮ ಯೂನಿಯನ್ ಸ್ಟೇಷನ್ ಮೇಳದೊಂದಿಗೆ 2025ರ ಮಾರ್ಚಿನಲ್ಲಿ ಹೊರತಂದ ‘ಆರ್ಕೇಡಿಯ’ ಆಲ್ಬಮ್ ಬಂದದ್ದು ಈ ಹೊಸ ಸಂಸ್ಥೆಯಿಂದ. ಒಪ್ಪಂದಗಳು ಹಸ್ತಾಂತರವಾದರೂ ವಿಶ್ವಾಸ ಆ ಮೂವರ ಬಳಿಯೇ ಉಳಿದಿತ್ತು ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ನನಗೆ ತೋರುವುದಿಲ್ಲ.

ಕೇಳುವ ಕ್ರಮದ ಬಗ್ಗೆ ನನ್ನ ಸಲಹೆ ಹೀಗಿದೆ. ಉತ್ಸವದ ಮೂಲಕ ಈ ಸಂಗೀತಕ್ಕೆ ಬಂದ ನಿಮಗೆ 0044 ಮೊದಲ ಮೆಟ್ಟಿಲಾಗಲಿ; ನಂತರ ಅದೇ ಟೋನಿ ರೈಸ್ ಅವರ 1979ರ ‘ಮ್ಯಾಂಜನೀಟ’ ಕೇಳಿ, ಅದರಲ್ಲಿ ಬ್ಯಾಂಜೊ ಇಲ್ಲದೆಯೂ ಬ್ಲೂಗ್ರಾಸ್ ನಡಿಗೆ ಹೇಗೆ ಉಳಿಯುತ್ತದೆ ಎಂಬುದನ್ನು ಗಮನಿಸಿ. ನಾರ್ಮನ್ ಬ್ಲೇಕ್ ಅವರ 1972ರ ‘ಬ್ಯಾಕ್ ಹೋಮ್ ಇನ್ ಸಲ್ಫರ್ ಸ್ಪ್ರಿಂಗ್ಸ್’ ಗದ್ದಲವಿಲ್ಲದ ಸಂಜೆಗೆ ಹೊಂದುವಂಥದು. ‘ಹೇಜಲ್ ಅಂಡ್ ಆಲಿಸ್’ ಮೊದಲ ಸಲ ಕೇಳುವಾಗ ಒರಟೆನಿಸಿದರೆ ಬಿಡಬೇಡಿ, ಸಾಹಿತ್ಯವನ್ನು ಕೈಯಲ್ಲಿಟ್ಟುಕೊಂಡು ಮತ್ತೊಮ್ಮೆ ಕೇಳಿ. ಎಡ್ ಹೇಲಿಯನ್ನು ಕೊನೆಗೆ ಇಟ್ಟುಕೊಳ್ಳಿ. ಕಿವಿ ಅಷ್ಟು ಹೊತ್ತಿಗೆ ಪಳಗಿರುತ್ತದೆ. ಸಾಧ್ಯವಾದಷ್ಟೂ ಮೂಲ ಎಲ್‌ಪಿಯನ್ನೇ, ಒಳಗಿನ ಪುಸ್ತಿಕೆ ಹರಿಯದೆ ಉಳಿದಿರುವುದನ್ನು ನೋಡಿ ಕೊಳ್ಳಿ, ಏಕೆಂದರೆ ಫೋನಿನಲ್ಲಿ ಹಾಡು ಕೇಳಿಸುವ ಸೇವೆಗಳಲ್ಲಿ ಆ ಟಿಪ್ಪಣಿಗಳು ಸಾಮಾನ್ಯವಾಗಿ ಸಿಗುವುದಿಲ್ಲ. ಅಂಗಡಿಯಲ್ಲಿ ದೊರೆಯದಿದ್ದರೆ ಚಾಪೆಲ್ ಹಿಲ್ ನಿಮಗೆ ದೂರವಲ್ಲ: ಅಲ್ಲಿನ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ವಿಲ್ಸನ್ ಗ್ರಂಥಾಲಯದಲ್ಲಿರುವ ಸದರ್ನ್ ಫೋಕ್‌ಲೈಫ್ ಸಂಗ್ರಹ ದಕ್ಷಿಣದ ಸಂಗೀತದ ಮುದ್ರಣಗಳಿಗೆ ಅಮೆರಿಕದಲ್ಲಿಯೇ ದೊಡ್ಡ ಭಂಡಾರಗಳಲ್ಲಿ ಒಂದು. ಹೋಗುವ ಮುನ್ನ ನಿಮಗೆ ಬೇಕಾದ ತಟ್ಟೆಯ ರೌಂಡರ್ ಕ್ರಮಸಂಖ್ಯೆಯನ್ನು ಬರೆದುಕೊಂಡು ಹೋದರೆ ಹುಡುಕಾಟ ಸುಲಭವಾಗುತ್ತದೆ.